ಬೈಕಿನಡಿ ಎಣ್ಣೆ ಹನಿ ಕಂಡರೆ ಎಂಜಿನ್ ಬಿಚ್ಚಿಸುವ ಮುನ್ನ ಇದನ್ನು ಓದಿ

ಮಂಡಗದ್ದೆ ದಾಟಿ ತೀರ್ಥಹಳ್ಳಿ ಕಡೆಗೆ ಹೋಗುವ ರಸ್ತೆಯಲ್ಲಿ, ಎಡಕ್ಕೆ ಹೊರಳುವ ಒಂದು ತಿರುವಿನಲ್ಲಿ ಕಳೆದ ಜುಲೈನಲ್ಲಿ ನನ್ನ ಬೈಕು ಜಾರಿ ಬಿತ್ತು. ಹಿಂದೆ ಮಗಳು ಕೂತಿದ್ದಳು. ವೇಗ 35ರ ಆಸುಪಾಸು. ಮಳೆ ನಿಂತು ಸ್ವಲ್ಪ ಹೊತ್ತಾಗಿತ್ತು, ನಾನು ಬ್ರೇಕನ್ನೂ ಹಿಡಿದಿರಲಿಲ್ಲ. ಹಿಂದಿನ ಚಕ್ರವನ್ನು ಯಾರೋ ಪಕ್ಕಕ್ಕೆ ಎಳೆದುಕೊಂಡಂತಾಯಿತು, ಅಷ್ಟೇ. ನನ್ನ ಮೊಣಕಾಲು ತರಚಿತು. ಅವಳ ಎಡ ಮುಂಗೈಯ ಮೂಳೆ ಬಿರುಕು ಬಿಟ್ಟು ಆರು ವಾರ ಪ್ಲಾಸ್ಟರ್ ಹಾಕಿಸಬೇಕಾಯಿತು. ಬೈಕನ್ನು ಎತ್ತಿ ನಿಲ್ಲಿಸುವಾಗ ಹಿಂದಿನ ಟೈರಿನ ಎಡ ಅಂಚಿಗೆ ಕೈ ತಾಗಿತು. ಬೆರಳಿಗೆ ಹತ್ತಿದ್ದು ಕೆಸರಲ್ಲ, ಎಂಜಿನ್ ಆಯಿಲ್.

ಆ ಎಣ್ಣೆ ಒಂದೂವರೆ ತಿಂಗಳಿನಿಂದ ಸೋರುತ್ತಿತ್ತು. ನಾನು ಅಸಡ್ಡೆ ಮಾಡಿರಲಿಲ್ಲ. ಮೂರು ಸಲ ಗ್ಯಾರೇಜಿಗೆ ಒಯ್ದಿದ್ದೆ, ಮೂರು ಸಲವೂ ಹಣ ಕೊಟ್ಟಿದ್ದೆ, ಮೂರು ಸಲವೂ ಸದ್ಯಕ್ಕಾದರೂ ಸರಿಹೋಯಿತೆಂದು ನಂಬಿಕೊಂಡು ಮನೆಗೆ ಬಂದಿದ್ದೆ. ಇನ್ನೊಬ್ಬರಿಗೆ ಹೀಗಾಗಬಾರದೆಂಬ ಒಂದೇ ಕಾರಣಕ್ಕೆ ನಡೆದದ್ದನ್ನೆಲ್ಲ ಬಿಡಿಸಿ ಬರೆಯುತ್ತಿದ್ದೇನೆ.

ಬೈಕು 150 ಸಿಸಿಯದು, ಏಳು ವರ್ಷ ಹಳೆಯದು. ಮೇ ಕೊನೆಯಲ್ಲಿ ಶಿವಮೊಗ್ಗದ ಒಂದು ಗ್ಯಾರೇಜಿನಲ್ಲಿ ಸರ್ವಿಸ್ ಮಾಡಿಸಿದೆ. ಆಯಿಲ್ ಬದಲಿಸಿ, ಹೊಸ ಏರ್ ಫಿಲ್ಟರ್ ಹಾಕಿ, ಚೈನ್ ಬಿಗಿ ಮಾಡಿ ಕೊಟ್ಟರು. ನಾಲ್ಕನೆಯ ದಿನ ಬೆಳಿಗ್ಗೆ ಮನೆಯ ಮುಂದಿನ ಕೆಂಪು ಗಾರೆಯ ನೆಲದ ಮೇಲೆ ಎಂಟಾಣೆ ಅಗಲದ ಕಪ್ಪು ಹನಿ ಕಂಡಿತು. ಅದುವರೆಗೆ ಏಳು ವರ್ಷದಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ. ಸರ್ವಿಸ್ ಆದ ಮೇಲೆ ಶುರುವಾದ ಸೋರಿಕೆಗೆ ಸರ್ವಿಸ್‌ನಲ್ಲಿ ಕೈ ಹಾಕಿದ ಜಾಗದಲ್ಲೇ ಕಾರಣ ಹುಡುಕಬೇಕು. ನನಗೆ ಅದು ಹೊಳೆಯಲಿಲ್ಲ, ಅವರೂ ಹುಡುಕಲಿಲ್ಲ.

ಮೊದಲ ಸಲ ಹೋದಾಗ ಬಗ್ಗಿ ಒಂದು ನೋಟ ನೋಡಿ, ಎಡಗಡೆ ಒದ್ದೆಯಾಗಿದೆ, ಮ್ಯಾಗ್ನೆಟ್ ಕವರಿನ (ಎಂಜಿನ್ನಿನ ಎಡಗಡೆಯ ಮುಚ್ಚಳ) ಪ್ಯಾಕಿಂಗ್, ಅಂದರೆ ಎಣ್ಣೆ ಸೋರದಂತೆ ಮುಚ್ಚಳದ ಸಂದಿನಲ್ಲಿ ಇಡುವ ತೆಳು ಹಾಳೆ, ಹೋಗಿದೆ ಎಂದರು. 650 ರೂಪಾಯಿ. ಸೈಡ್ ಸ್ಟ್ಯಾಂಡ್ ಹಾಕಿದ ಬೈಕು ಎಡಕ್ಕೆ ವಾಲಿರುತ್ತದೆ, ಎಣ್ಣೆ ಎಲ್ಲಿಂದ ಬಂದರೂ ಹರಿದು ಎಡಗಡೆಗೇ ಇಳಿಯುತ್ತದೆ. ಎರಡನೆಯ ಸಲ ಬಲಗಡೆಯ ಕ್ಲಚ್ ಕವರಿನ ಪ್ಯಾಕಿಂಗನ್ನೂ ಬದಲಿಸಿ, ಅದರ ಎರಡೂ ಮುಖಕ್ಕೆ ಸಿಲಿಕೋನ್ ಅಂಟು ಬಳಿದರು. ಆಯಿಲ್ ತೆಳ್ಳಗಿರುವುದೇ ತೊಂದರೆ ಎಂದು 10ಡಬ್ಲ್ಯೂ-30 ತೆಗೆದು ಅದಕ್ಕಿಂತ ಮಂದವಾದ 20ಡಬ್ಲ್ಯೂ-50 ಸುರಿದರು. ಅದಕ್ಕೆ 1,900 ರೂಪಾಯಿ. ಮೂರನೆಯ ಸಲ, ಕ್ರ್ಯಾಂಕ್‌ಕೇಸಿನ, ಅಂದರೆ ಎಂಜಿನ್ನಿನ ಕೆಳಭಾಗದ ಕವಚದ, ಜೋಡಣೆಯಲ್ಲೇ ಸೋರುತ್ತಿದೆ, ಎಂಜಿನ್ ಇಳಿಸಬೇಕು, 7,500 ಆಗುತ್ತದೆ ಎಂದರು. ಅಷ್ಟು ಹಣ ಕೈಯಲ್ಲಿರಲಿಲ್ಲ. ಸದ್ಯಕ್ಕೆ ಇರಲಿ ಎಂದು ಹೊರಗಿನಿಂದಲೇ ಜೋಡಣೆಯ ಗೆರೆಯುದ್ದಕ್ಕೂ ಅಂಟು ಸವರಿ ಕಳಿಸಿದರು. ಇಷ್ಟೆಲ್ಲ ಮಾಡಿದವರು ಒಂದೇ ಒಂದು ಸಲವೂ ಎಂಜಿನ್ನನ್ನು ತೊಳೆದು ನೋಡಲಿಲ್ಲ. ಅದನ್ನು ನೆನೆದರೆ ಈಗಲೂ ನನಗೆ ಸಿಟ್ಟು ಬರುತ್ತದೆ. ಬೈಕು ಬಿದ್ದದ್ದು ಇದಾದ ಎಂಟನೆಯ ದಿನ.

ಬಿದ್ದ ಮೇಲೆ ಬೈಕು ತೀರ್ಥಹಳ್ಳಿಯಲ್ಲೇ ಉಳಿಯಿತು. ಅಲ್ಲಿ ಪರಿಚಯದವರೊಬ್ಬರು ಒಬ್ಬ ಹಿರಿಯ ಮೇಸ್ತ್ರಿಯ ಬಳಿ ಕರೆದುಕೊಂಡು ಹೋದರು. ಚಿಕ್ಕ ಶೆಡ್ಡು, ಒಬ್ಬ ಹುಡುಗ, ಒಂದು ಸ್ಟೂಲು. ನಾನು ಬಿಲ್ಲುಗಳನ್ನು ತೋರಿಸಲು ಹೋದರೆ, "ಅದೆಲ್ಲ ಆಮೇಲೆ ಸರ್, ಮೊದಲು ಮುಖ ತೊಳೆಯೋಣ" ಎಂದರು. ತಣ್ಣಗಿದ್ದ ಎಂಜಿನ್ನಿಗೆ ಸೀಮೆಎಣ್ಣೆ ಹಚ್ಚಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸಂದುಸಂದನ್ನೂ ಉಜ್ಜಿ, ಸೋಪಿನ ನೀರಿನಲ್ಲಿ ತೊಳೆದು, ಗಾಳಿ ಹೊಡೆದು ಒಣಗಿಸಲು ಮುಕ್ಕಾಲು ಗಂಟೆ ಹಿಡಿಯಿತು. ಚೈನನ್ನು ತಿರುಗಿಸುವ ಮುಂದಿನ ಹಲ್ಲುಚಕ್ರದ (ಸ್ಪ್ರಾಕೆಟ್ಟಿನ) ಮುಚ್ಚಳ ತೆಗೆದು ಅಲ್ಲೂ ಹಾಗೆಯೇ ಮಾಡಿದರು. ಆಮೇಲೆ ಮುಖಕ್ಕೆ ಹಚ್ಚುವ ಪೌಡರನ್ನು ಅಂಗೈಗೆ ಸುರಿದುಕೊಂಡು ಎಂಜಿನ್ನಿನ ಮೇಲೆ ಊದಿದರು. ಇಡೀ ಎಂಜಿನ್ ಬೆಳ್ಳಗಾಯಿತು. ಸೆಂಟರ್ ಸ್ಟ್ಯಾಂಡಿನ ಮೇಲೆ ಹತ್ತು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸಿ, ಟಾರ್ಚ್ ಹಿಡಿದು ನನ್ನನ್ನು ಕರೆದರು.

ಮ್ಯಾಗ್ನೆಟ್ ಕವರ್ ಬೆಳ್ಳಗೇ ಇತ್ತು. ಕ್ಲಚ್ ಕವರೂ ಬೆಳ್ಳಗೇ ಇತ್ತು. ಸ್ಪ್ರಾಕೆಟ್ಟಿನ ಹಿಂದೆ, ಅದರ ಶಾಫ್ಟು ಎಂಜಿನ್ನಿನಿಂದ ಹೊರಬರುವ ಕಡೆ, ಪೌಡರಿನ ನಡುವೆ ಕೂದಲೆಳೆಯಷ್ಟು ತೆಳುವಾದ ಕಂದು ಗೆರೆ ಕೆಳಗಿಳಿಯುತ್ತಿತ್ತು. ಅಲ್ಲಿರುವುದು ಶಾಫ್ಟಿನ ಸುತ್ತ ಎಣ್ಣೆ ತಡೆಯುವ ರಬ್ಬರಿನ ಬಳೆ, ಆಯಿಲ್ ಸೀಲು. ಬೆಲೆ 80 ರೂಪಾಯಿ. ಅಲ್ಲಿ ಸೋರಿದ ಎಣ್ಣೆ ಚೈನಿಗೆ ಹತ್ತಿ, ಚೈನು ಅದನ್ನು ಹಿಂದಕ್ಕೆ ಒಯ್ದು ಟೈರಿನ ಎಡ ಅಂಚಿಗೆ ಸಿಡಿಸುತ್ತಿತ್ತು. ನೇರ ರಸ್ತೆಯಲ್ಲಿ ಆ ಅಂಚು ನೆಲಕ್ಕೆ ತಾಗುವುದಿಲ್ಲ. ಎಡಕ್ಕೆ ವಾಲಿದಾಗ ತಾಗುತ್ತದೆ.

ಬೇರೆ ಯಾರಾದರೂ ಹೊಸ ಸೀಲು ಬಡಿದು ಕಳಿಸುತ್ತಿದ್ದರು. ಇವರು ಸೀಲಿನ ಮೇಲೆ ಬೆರಳಾಡಿಸಿ, ಅದು ಸವೆದಿಲ್ಲ, ಒಳಗಿನಿಂದ ಹೊರಕ್ಕೆ ತಳ್ಳಿಸಿಕೊಂಡಿದೆ ಎಂದರು. ಸೀಟು, ಟ್ಯಾಂಕು ಬಿಚ್ಚಿಸಿದರು. ಏರ್ ಫಿಲ್ಟರ್ ಡಬ್ಬಿ ಮತ್ತು ಚೌಕಟ್ಟಿನ ನಡುವೆ ಬ್ರೀದರ್ ಪೈಪು ಮಡಚಿ ಸಿಕ್ಕಿಕೊಂಡಿತ್ತು, ಮಡಿಕೆ ಬಿದ್ದ ಕಡೆ ರಬ್ಬರು ಬೆಳ್ಳಗೆ ಸೀಳಿತ್ತು. ಏರ್ ಫಿಲ್ಟರ್ ಹಾಕಿದವರು ಡಬ್ಬಿಯನ್ನು ಪೈಪಿನ ಮೇಲೆಯೇ ಕೂರಿಸಿ ಬೋಲ್ಟು ಬಿಗಿದಿದ್ದರು.

ಪಿಸ್ಟನ್ ಕೆಳಗಿಳಿದಾಗಲೆಲ್ಲ ಅದರಡಿಯ ಗಾಳಿ ಒತ್ತುತ್ತದೆ, ರಿಂಗುಗಳ ಸಂದಿನಿಂದ ಸ್ವಲ್ಪ ಹೊಗೆಯೂ ಕೆಳಗಿಳಿಯುತ್ತದೆ. ಈ ಒತ್ತಡ ಹೊರಹೋಗಲಿಕ್ಕೆಂದೇ ಬ್ರೀದರ್ ಪೈಪು ಇರುವುದು. ಅದು ಕಟ್ಟಿಕೊಂಡರೆ ಒತ್ತಡ ಎಣ್ಣೆಯನ್ನೇ ನೂಕಿಕೊಂಡು, ಯಾವ ಸೀಲು ಮೆತ್ತಗಿದೆಯೋ ಅಲ್ಲಿಂದ ದಾರಿ ಮಾಡಿಕೊಳ್ಳುತ್ತದೆ. ಎಣ್ಣೆಯನ್ನು ಗುರುತಿಗಿಂತ ಹೆಚ್ಚು ಸುರಿದರೂ ಇದೇ ಆಗಬಹುದು. ಮಂದ ಎಣ್ಣೆ ಸುರಿದರೆ, ಹೊರಗೆ ಅಂಟು ಮೆತ್ತಿದರೆ ಒಳಗಿನ ಒತ್ತಡ ಕಡಿಮೆಯಾಗುತ್ತದೆಯೇ? ಚೈನನ್ನೂ ಅತಿಯಾಗಿ ಬಿಗಿದಿದ್ದರು. ಬಿಗಿಯಾದ ಚೈನು ಅದೇ ಶಾಫ್ಟನ್ನು ಜಗ್ಗಿ ಬೇರಿಂಗಿಗೂ ಸೀಲಿಗೂ ಪೆಟ್ಟು ಕೊಡುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು ಆಮೇಲೆ ಕಂಡಿತು. ಕೆಲವು ದಿನಗಳಿಂದ ಎಂಜಿನ್ನಿನ ಮೇಲ್ಭಾಗದಲ್ಲಿ ಟಕಟಕ ಸದ್ದು ಬರುತ್ತಿತ್ತೆಂದು ಹೇಳಿದೆ. ಮೇಸ್ತ್ರಿ ಕ್ಲಚ್ ಕವರ್ ತೆಗೆದು ಒಳಗಿನ ಆಯಿಲ್ ಜಾಲರಿಯನ್ನು ಎಳೆದು ನನ್ನ ಅಂಗೈ ಮೇಲಿಟ್ಟರು. ಜಾಲರಿಯ ತುಂಬ ಬೂದುಬಣ್ಣದ, ಶಾವಿಗೆ ಎಳೆಯಂಥ ತುಣುಕುಗಳು. ಪ್ಯಾಕಿಂಗಿಗೆ ಬಳಿದಿದ್ದ ಸಿಲಿಕೋನ್ ಅಂಟು ಅದು. ಕವರ್ ಬಿಗಿದಾಗ ಹೆಚ್ಚಾದ ಅಂಟು ಹೊರಕ್ಕೆ ಉಬ್ಬಿದಂತೆ ಒಳಕ್ಕೂ ಉಬ್ಬುತ್ತದೆ. ಹೊರಗಿನದನ್ನು ಒರೆಸುತ್ತಾರೆ, ಒಳಗಿನದು ಕಿತ್ತು ಎಣ್ಣೆಯಲ್ಲಿ ತೇಲಿ ಜಾಲರಿಯನ್ನು ಮುಚ್ಚುತ್ತದೆ. ಎಂಜಿನ್ನಿನ ಮೇಲ್ಭಾಗದಲ್ಲಿ ವಾಲ್ವುಗಳನ್ನು ತೆರೆಸುವ ಕ್ಯಾಮ್‌ಶಾಫ್ಟಿಗೆ ಎಣ್ಣೆ ಸಾಲದೆ ಗೀರು ಬಿದ್ದಿತ್ತು. ಅದನ್ನೂ ಅದರ ಜೊತೆಗಿರುವ ರಾಕರುಗಳನ್ನೂ ಬದಲಿಸಲು 3,800 ರೂಪಾಯಿ ಆಯಿತು. ಮೂಲ ತೊಂದರೆಗೆ, ಸೀಲು ಮತ್ತು ಹೊಸ ಪೈಪು ಸೇರಿ, ಆದದ್ದು 200 ರೂಪಾಯಿ. ಎಂಜಿನ್ ಇಳಿಸುವ ಮಾತೇ ಬರಲಿಲ್ಲ.

ಬೈಕಿನಡಿ ಎಣ್ಣೆ ಕಂಡರೆ ದಯವಿಟ್ಟು ಮೊದಲು ತೊಳೆಸಿ, ಪೌಡರ್ ಹಾಕಿಸಿ, ನಿಮ್ಮ ಕಣ್ಣಿನಿಂದಲೇ ನೋಡಿ. ಹನಿ ಬೀಳುವ ಜಾಗವೂ ಸೋರುವ ಜಾಗವೂ ಬೇರೆ ಬೇರೆ ಇರಬಹುದು. ಓಡುವಾಗ ಗಾಳಿ ಎಣ್ಣೆಯನ್ನು ಹಿಂದಕ್ಕೂ ಕೆಳಕ್ಕೂ ಹರಡುತ್ತದೆ, ಆದ್ದರಿಂದ ಒದ್ದೆಯಾದ ಜಾಗಗಳಲ್ಲಿ ಅತಿ ಮೇಲಿನದನ್ನು, ಅತಿ ಮುಂದಿನದನ್ನು ಹುಡುಕಿ. ನಿಂತಲ್ಲಿ ಕಾಣದಿದ್ದರೆ ನಾಲ್ಕೈದು ಕಿಲೋಮೀಟರ್ ಓಡಿಸಿ ಮತ್ತೆ ನೋಡಿ. ಆದರೆ ಅದಕ್ಕೂ ಮುನ್ನ ಟೈರನ್ನು ಸೋಪು ಹಾಕಿ ತೊಳೆಯಿರಿ, ಎಣ್ಣೆ ಡಿಸ್ಕಿಗೆ ತಾಗಿದೆಯೇ ನೋಡಿ. ಬ್ರೇಕ್ ಪ್ಯಾಡ್ ಎಣ್ಣೆ ಹೀರಿದ್ದರೆ ತೊಳೆದು ಪ್ರಯೋಜನವಿಲ್ಲ, ಬದಲಿಸಲೇಬೇಕು. ಡ್ರೈನ್ ಬೋಲ್ಟಿನ ಬಳಿ ಒದ್ದೆಯಿದ್ದರೆ ಇನ್ನಷ್ಟು ಬಿಗಿಯಲು ಬಿಡಬೇಡಿ. ಅಲ್ಯುಮಿನಿಯಂ ಕೇಸಿನ ಥ್ರೆಡ್ ಕಿತ್ತುಬರಬಹುದು. ಅಲ್ಲಿ ಸಾಮಾನ್ಯವಾಗಿ ಬೇಕಿರುವುದು ಹೊಸ ವಾಷರ್ ಮಾತ್ರ. ಸೋರುವಷ್ಟು ದಿನ ಎಣ್ಣೆಯ ಮಟ್ಟವನ್ನು ದಿನವೂ ನೋಡಿ, ಬೈಕನ್ನು ಸಮನೆಲದಲ್ಲಿ ನೆಟ್ಟಗೆ ನಿಲ್ಲಿಸಿಯೇ ನೋಡಿ. ನನ್ನ ಬೈಕಿಗೆ ಹಿಡಿಯುವುದೇ ಒಂದು ಲೀಟರ್.

ಪ್ಯಾಕಿಂಗಿಗೆ ಅಂಟು ಬಳಿಯುತ್ತೇವೆಂದರೆ ಬೇಡವೆನ್ನಿ. ಕಾಗದದ ಪ್ಯಾಕಿಂಗು ಹೊಸದಾಗಿದ್ದು ಎರಡೂ ಮುಖ ಚೊಕ್ಕಟವಾಗಿದ್ದರೆ, ಕಂಪನಿಯ ಕೈಪಿಡಿ ಹೇಳಿದ ಜಾಗಗಳನ್ನು ಬಿಟ್ಟು ಬೇರೆಲ್ಲೂ ಅದು ಬೇಕಿಲ್ಲ.

ಶಿವಮೊಗ್ಗದ ಗ್ಯಾರೇಜಿಗೆ ಆ ಜಾಲರಿಯನ್ನೂ ಸೀಳಿದ ಪೈಪನ್ನೂ ಒಂದು ಪ್ಲಾಸ್ಟಿಕ್ ಕವರಿನಲ್ಲಿ ತೆಗೆದುಕೊಂಡು ಹೋಗಿ ತೋರಿಸಿದೆ. ಬೇರೆ ಕಡೆ ಬಿಚ್ಚಿಸಿದ ಬೈಕಿಗೆ ತಾವು ಜವಾಬ್ದಾರರಲ್ಲ ಎಂದರು. ಮಗಳ ಕೈ ಈಗ ಸರಿಹೋಗಿದೆ. ರಾತ್ರಿ ಬೈಕಿನಡಿ ಒಂದು ರಟ್ಟಿನ ತುಂಡು ಹಾಸುತ್ತೇನೆ, ಬೆಳಿಗ್ಗೆ ಮೊದಲು ಅದನ್ನು ನೋಡುತ್ತಾಳೆ, ಆಮೇಲೆ ಹತ್ತುತ್ತಾಳೆ.