ಯಾವ ಪ್ರಾಕ್ಸಿ ಯಾರಿಗೆ: ಫ್ರೀ ಲಿಸ್ಟ್‌ನಿಂದ ಸ್ವಂತ ಸರ್ವರ್‌ವರೆಗೆ ಬಳಸಿ ನೋಡಿದ್ದು

ನನ್ನದು ವೆಬ್‌ಸೈಟ್ ಟೆಸ್ಟಿಂಗ್ ಕೆಲಸ. ಒಂದೇ ಪುಟ ಬೆಂಗಳೂರಿನವರಿಗೆ ರೂಪಾಯಿ ದರ ತೋರಿಸಬೇಕು, ಜರ್ಮನಿಯವರಿಗೆ ಯೂರೋ ತೋರಿಸಬೇಕು, ಅಮೆರಿಕದವರಿಗೆ ಬೇರೆಯದೇ ಜಾಹೀರಾತು ಬರಬೇಕು. ಇದನ್ನೆಲ್ಲ ಇಲ್ಲೇ ಕೂತು ನೋಡಬೇಕಾದರೆ ಪ್ರಾಕ್ಸಿ ಬೇಕೇ ಬೇಕು. ಹಾಗಾಗಿ ಹೆಚ್ಚುಕಡಿಮೆ ಎಲ್ಲ ಬಗೆಯವನ್ನೂ ಬಳಸಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಬಹಳ ಜನರಿಗೆ ತಿಂಗಳಿಗೆ ನಾಲ್ಕೈದು ಡಾಲರ್‌ನ ಸ್ವಂತ ವಿಪಿಎಸ್ (ಹೋಸ್ಟಿಂಗ್ ಕಂಪನಿಯಿಂದ ಬಾಡಿಗೆಗೆ ಸಿಗುವ ಪುಟ್ಟ ಸರ್ವರ್) ಸಾಕು. ಅದು ಸಾಲದೆ ಹೊರಗಿನದನ್ನು ಕೊಳ್ಳುವುದಾದರೆ ವೇಗ, ಲಕ್ಷಗಟ್ಟಲೆ ಐಪಿ (ನೆಟ್ ಸಂಪರ್ಕದ ವಿಳಾಸ) ಇವೆಲ್ಲ ಆಮೇಲಿನ ಮಾತು. ಆ ಐಪಿ ಯಾರದ್ದು, ಮಾರುವವರ ಕೈಗೆ ಹೇಗೆ ಬಂತು ಅಂತ ಮೊದಲು ಕೇಳಿ.

ಪ್ರಾಕ್ಸಿ ಅಂದರೆ ಮಧ್ಯದಲ್ಲಿ ನಿಂತ ಇನ್ನೊಂದು ಕಂಪ್ಯೂಟರ್, ಅಷ್ಟೇ. ನಿಮಗೆ ಬೇಕಾದ ಪುಟವನ್ನು ನಿಮ್ಮ ಪರವಾಗಿ ಅದು ತರಿಸಿಕೊಡುತ್ತದೆ, ಸೈಟಿಗೆ ಕಾಣುವುದು ಅದರ ಐಪಿ. ಹಾಸ್ಟೆಲ್ ನೆಟ್‌ನಲ್ಲಿ ಓದಿದ ಕೆಲವರಿಗೆ 3128 ಅನ್ನೋ ಪೋರ್ಟ್ ನಂಬರ್ ನೆನಪಿರಬಹುದು, ಅದು ಸ್ಕ್ವಿಡ್ ಅನ್ನೋ ಪ್ರಾಕ್ಸಿ ಸಾಫ್ಟ್‌ವೇರ್‌ನ ಡಿಫಾಲ್ಟ್ ಪೋರ್ಟ್. ಸ್ಕ್ವಿಡ್ ಮುಖ್ಯವಾಗಿ ವೆಬ್‌ಗೆ ಅಂತ ಮಾಡಿದ ಎಚ್‌ಟಿಟಿಪಿ ಪ್ರಾಕ್ಸಿ. ಸಾಕ್ಸ್5 ಅನ್ನೋ ಇನ್ನೊಂದು ಬಗೆಯ ಪ್ರಾಕ್ಸಿ ಹಾಗಲ್ಲ. ಒಳಗೆ ಏನಿದೆ ಅಂತ ನೋಡುವ ಗೋಜಿಗೇ ಹೋಗದೆ ಬಂದದ್ದನ್ನು ಆ ಕಡೆ ದಾಟಿಸುತ್ತದೆ, ಹಾಗಾಗಿ ಮೇಲ್, ಗಿಟ್, ಚಾಟ್ ಎಲ್ಲಕ್ಕೂ ನಡೆಯುತ್ತದೆ. 1996ರಲ್ಲೇ ಅದರ ನಿಯಮ ಬರೆದಿಟ್ಟಿದ್ದಾರೆ, ಇವತ್ತಿಗೂ ನನಗೆ ಅದೇ ಇಷ್ಟ. ಆದರೆ ಸಾಕ್ಸ್5 ತಾನಾಗಿ ಏನನ್ನೂ ಎನ್‌ಕ್ರಿಪ್ಟ್ ಮಾಡೋದಿಲ್ಲ, ಅಂದರೆ ಬೇರೆಯವರು ಓದದ ಹಾಗೆ ಗುಟ್ಟಾಗಿಸೋದಿಲ್ಲ. ಮತ್ತೆ ಬ್ರೌಸರ್‌ಗೆ ಪ್ರಾಕ್ಸಿ ಹಾಕಿದರೆ ಬ್ರೌಸರ್ ಮಾತ್ರ ಆ ದಾರಿ ಹಿಡಿಯುತ್ತದೆ, ವಿಪಿಎನ್ ಥರ ಇಡೀ ಲ್ಯಾಪ್‌ಟಾಪ್ ಅಲ್ಲ.

ನೆಟ್‌ನಲ್ಲಿ ಸಿಗುವ ಫ್ರೀ ಪ್ರಾಕ್ಸಿ ಲಿಸ್ಟ್‌ಗಳ ಬಗ್ಗೆ ಜಾಸ್ತಿ ಹೇಳೋದಿಲ್ಲ. ಬೆಳಿಗ್ಗೆ ಇದ್ದ ಐಪಿ ಮಧ್ಯಾಹ್ನ ಇರೋದಿಲ್ಲ, ಇದ್ದರೂ ಪುಟ ತೆರೆಯೋಕೆ ಯುಗ ಬೇಕು. ನಿಜವಾದ ತೊಂದರೆ ಬೇರೆ. ಅಂಥ ಒಂದು ಪ್ರಾಕ್ಸಿ ಮೂಲಕ ನಮ್ಮದೇ ಟೆಸ್ಟ್ ಸೈಟಿನ ಎಚ್‌ಟಿಟಿಪಿ ಪುಟ ತರಿಸಿ ಸೋರ್ಸ್ ತೆಗೆದು ನೋಡಿದೆ. ಕೆಳಗೆ, ಪುಟ ಮುಗಿಯುವ ಜಾಗದಲ್ಲಿ, ನಾವು ಬರೆಯದ ಒಂದು ಸ್ಕ್ರಿಪ್ಟ್ ಸಾಲು ಕೂತಿತ್ತು. ನೇರವಾಗಿ ತೆರೆದರೆ ಆ ಸಾಲು ಇಲ್ಲ, ಅಂದರೆ ಸೇರಿದ್ದು ಪ್ರಾಕ್ಸಿಯ ದಾರಿಯಲ್ಲೇ. ಸೈಟ್ ಎಚ್‌ಟಿಟಿಪಿಎಸ್ (ಎನ್‌ಕ್ರಿಪ್ಟ್ ಆದ ಎಚ್‌ಟಿಟಿಪಿ) ಆಗಿದ್ದರೆ ಮಧ್ಯದವರಿಗೆ ಯಾವ ಸೈಟಿಗೆ ಹೋಗುತ್ತಿದ್ದೀರಿ ಅಂತ ಗೊತ್ತಾಗುತ್ತದೆ, ಒಳಗಿನದು ಕಾಣೋದಿಲ್ಲ. ಆದರೆ ಸರ್ಟಿಫಿಕೇಟ್ ಸರಿ ಇಲ್ಲ ಅಂತ ಬ್ರೌಸರ್ ಎಚ್ಚರಿಸಿದಾಗ 'ಪರವಾಗಿಲ್ಲ ಮುಂದೆ ಹೋಗು' ಅಂತ ಒತ್ತಿದರೆ ಪಾಸ್‌ವರ್ಡ್ ಸಮೇತ ಕೊಟ್ಟ ಹಾಗೆ. ಇನ್ನು ಕೆಲವು ಪ್ರಾಕ್ಸಿಗಳು ಎಕ್ಸ್-ಫಾರ್ವರ್ಡೆಡ್-ಫಾರ್ ಅನ್ನೋ ಹೆಡರ್‌ನಲ್ಲಿ ನಿಮ್ಮ ಅಸಲಿ ಐಪಿಯನ್ನೇ ಬರೆದು ಕಳಿಸುತ್ತವೆ. ಬ್ಯಾಂಕು, ಮೇಲ್, ಆಫೀಸ್ ಲಾಗಿನ್ ಯಾವುದಕ್ಕೂ ಫ್ರೀ ಪ್ರಾಕ್ಸಿ ಮುಟ್ಟಬೇಡಿ.

ದುಡ್ಡು ಕೊಟ್ಟು ತಗೊಳ್ಳೋದರಲ್ಲಿ ಡೇಟಾಸೆಂಟರ್ ಪ್ರಾಕ್ಸಿ ಅಗ್ಗ, ವೇಗವೂ ಚೆನ್ನಾಗಿದೆ. ಸಾಮಾನ್ಯವಾಗಿ ಐಪಿ ಲೆಕ್ಕದಲ್ಲಿ ತಿಂಗಳ ಬಾಡಿಗೆ. ನಿಮ್ಮದೇ ಸೈಟ್ ನೋಡೋಕೆ ಇದಕ್ಕಿಂತ ಬೇಕಿಲ್ಲ. ಕಷ್ಟ ಏನೆಂದರೆ ಆ ಐಪಿ ಯಾವುದೋ ಹೋಸ್ಟಿಂಗ್ ಕಂಪನಿಯದ್ದು ಅಂತ ಯಾರಿಗಾದರೂ ತಕ್ಷಣ ಗೊತ್ತಾಗುತ್ತದೆ. ದೊಡ್ಡ ಶಾಪಿಂಗ್ ಸೈಟುಗಳು ಕ್ಯಾಪ್ಚಾ ಮೇಲೆ ಕ್ಯಾಪ್ಚಾ ಕೊಟ್ಟು ಕೂರಿಸುತ್ತವೆ.

ಅದಕ್ಕೇ ರೆಸಿಡೆನ್ಷಿಯಲ್ ಅನ್ನೋದನ್ನು ಮಾರುತ್ತಾರೆ. ಅಂದರೆ ಯಾರದೋ ಮನೆಯ ಬ್ರಾಡ್‌ಬ್ಯಾಂಡ್ ಐಪಿ. ಸೈಟಿಗೆ ನೀವು ಮನೆಯಲ್ಲಿ ಕೂತ ಸಾಮಾನ್ಯ ಗ್ರಾಹಕರ ಹಾಗೆ ಕಾಣುತ್ತೀರಿ. ನಾನು ತಗೊಂಡಿದ್ದ ಸೇವೆಯ ಹೆಸರು ಇಲ್ಲಿ ಬೇಡ. ಜಿಬಿ ಲೆಕ್ಕದಲ್ಲಿ ದುಡ್ಡು, ಹಾಗಾಗಿ ಚಿತ್ರ, ವಿಡಿಯೋ ಆಫ್ ಮಾಡದಿದ್ದರೆ ಪ್ಯಾಕ್ ಕಣ್ಣೆದುರೇ ಕರಗುತ್ತದೆ. ತಿಂಗಳ ಕೊನೆಗೆ ಉಳಿದ ಜಿಬಿ ಹೋಯಿತು, ಮುಂದಿನ ತಿಂಗಳಿಗೆ ಸೇರಿಸಲಿಲ್ಲ. ಬೆಂಗಳೂರು ಅಂತ ಆರಿಸಿದರೆ ಎಷ್ಟೋ ಸಲ ಬೇರೆ ರಾಜ್ಯದ ಐಪಿ ಬರುತ್ತಿತ್ತು. ಇಷ್ಟನ್ನೂ ಸಹಿಸಬಹುದಿತ್ತು. ಆದರೆ ಈ ಮನೆಗಳವರು ಒಪ್ಪಿಗೆ ಕೊಟ್ಟಿದ್ದಾರಾ ಅಂತ ಸಪೋರ್ಟ್‌ಗೆ ಬರೆದರೆ 'ನಮ್ಮ ಪಾಲುದಾರರ ಮೂಲಕ ಬರುತ್ತದೆ' ಅನ್ನೋ ಒಂದೇ ಉತ್ತರ. ಯಾವ ಪಾಲುದಾರರು, ಯಾವ ಆ್ಯಪ್, ಹೇಳಲೇ ಇಲ್ಲ. ನಾನು ಅಲ್ಲಿಗೆ ಬಿಟ್ಟೆ.

ಈ ಪ್ರಶ್ನೆ ಸುಮ್ನೆ ಕೇಳಿದ್ದಲ್ಲ. 2015ರಲ್ಲಿ ಹೋಲಾ ಅನ್ನೋ ಫ್ರೀ ವಿಪಿಎನ್ ತನ್ನ ಬಳಕೆದಾರರ ನೆಟ್ ಸಂಪರ್ಕವನ್ನೇ ಲುಮಿನಾಟಿ ಹೆಸರಿನಲ್ಲಿ ಮಾರುತ್ತಿದೆ ಅಂತ ದೊಡ್ಡ ಗಲಾಟೆಯಾಯಿತು. ಅದಕ್ಕಿಂತ ಕೆಟ್ಟದ್ದು 911 ಎಸ್5. ಫ್ರೀ ವಿಪಿಎನ್ ಆ್ಯಪ್‌ಗಳ ಜೊತೆ ಮಾಲ್‌ವೇರ್ ಸೇರಿಸಿ ಜನರ ಕಂಪ್ಯೂಟರ್ ಹಿಡಿದು, ಆ ಐಪಿಗಳನ್ನು ವಂಚಕರಿಗೆ ಬಾಡಿಗೆ ಕೊಡುತ್ತಿದ್ದ ಜಾಲ ಅದು. 2024ರ ಮೇ ತಿಂಗಳಲ್ಲಿ ಅಮೆರಿಕ ಅದನ್ನು ಮುರಿದು ಹಾಕಿದಾಗ ಲೆಕ್ಕ ಸಿಕ್ಕಿದ್ದು 1.9 ಕೋಟಿಗೂ ಜಾಸ್ತಿ ಐಪಿಗಳು, 200ರಷ್ಟು ದೇಶಗಳಲ್ಲಿ. ಆ ಐಪಿಗಳ ಹಿಂದೆ ಏನೂ ಅರಿಯದ ಮನೆಗಳಿದ್ದವು. ನಮ್ಮ ಅಪ್ಪ ಅಮ್ಮನ ಹಳೇ ಲ್ಯಾಪ್‌ಟಾಪ್ ಕೂಡ ಹಾಗೆ ಯಾರಿಗೋ ಪ್ರಾಕ್ಸಿ ಆಗಬಹುದು, ಅಲ್ವಾ? ಪೊಲೀಸರು ಐಪಿ ಹುಡುಕಿಕೊಂಡು ಬಂದರೆ ಮೊದಲು ನಿಲ್ಲುವುದು ಆ ಮನೆ ಬಾಗಿಲಲ್ಲೇ. ಯಾರ ಒಪ್ಪಿಗೆ ಹೇಗೆ ಪಡೆದಿದ್ದೇವೆ ಅಂತ ಸ್ಪಷ್ಟವಾಗಿ ಬರೆಯದ ಕಂಪನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಮೊಬೈಲ್ ಪ್ರಾಕ್ಸಿ ಎಲ್ಲಕ್ಕಿಂತ ದುಬಾರಿ. ಜಿಯೋ, ಏರ್‌ಟೆಲ್‌ನಂಥ ಮೊಬೈಲ್ ನೆಟ್‌ವರ್ಕ್‌ಗಳಲ್ಲಿ ಒಂದೇ ಐಪಿಯ ಹಿಂದೆ ಬಹಳ ಜನ ಗ್ರಾಹಕರು ಇರುತ್ತಾರೆ. ಅದನ್ನು ಬ್ಲಾಕ್ ಮಾಡಿದರೆ ಅಷ್ಟೂ ಜನ ಹೊರಗೆ, ಹಾಗಾಗಿ ಸೈಟುಗಳು ಹಿಂಜರಿಯುತ್ತವೆ. ಬೆಲೆ ಇರುವುದು ಅದಕ್ಕೇ. ಸಾಮಾನ್ಯರಿಗೆ ಇದರ ಅಗತ್ಯವೇ ಇಲ್ಲ.

ಈಗ ನಾನು ನಿಜಕ್ಕೂ ಮೆಚ್ಚಿದ್ದು. ಡಿಜಿಟಲ್‌ಓಷನ್ ಅನ್ನೋ ಹೋಸ್ಟಿಂಗ್ ಕಂಪನಿಯ ಅತಿ ಚಿಕ್ಕ ಡ್ರಾಪ್ಲೆಟ್ (ವಿಪಿಎಸ್‌ಗೆ ಅವರಿಟ್ಟ ಹೆಸರು) ತಿಂಗಳಿಗೆ 4 ಡಾಲರ್, ಜಿಎಸ್‌ಟಿ ಬೇರೆ. 512 ಎಂಬಿ ರ‍್ಯಾಮ್, 500 ಜಿಬಿ ಟ್ರಾನ್ಸ್‌ಫರ್. ಬೆಂಗಳೂರಿನಲ್ಲೂ ಫ್ರಾಂಕ್‌ಫರ್ಟ್‌ನಲ್ಲೂ ಅವರ ಡೇಟಾಸೆಂಟರ್ ಇದೆ. ಅದರಲ್ಲಿ ಪ್ರಾಕ್ಸಿ ಸಾಫ್ಟ್‌ವೇರ್ ಹಾಕೋದೇ ಬೇಡ. ಆ ಸರ್ವರ್‌ಗೆ ಲಾಗಿನ್ ಆಗಲು ಟರ್ಮಿನಲ್‌ನಲ್ಲಿ ಎಸ್‌ಎಸ್‌ಎಚ್ ಕಮಾಂಡ್ ಕೊಡುವಾಗ ದೊಡ್ಡಕ್ಷರದ ಡಿ ಆಪ್ಷನ್ ಜೊತೆ 1080 ಅಂತ ಸೇರಿಸಿದರೆ ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಒಂದು ಸಾಕ್ಸ್ ಪ್ರಾಕ್ಸಿ ಎದ್ದು ನಿಲ್ಲುತ್ತದೆ, ಸರ್ವರ್‌ವರೆಗಿನ ದಾರಿಯೆಲ್ಲ ಎನ್‌ಕ್ರಿಪ್ಟ್ ಆಗಿರುತ್ತದೆ. ಫೈರ್‌ಫಾಕ್ಸ್‌ನ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಮ್ಯಾನ್ಯುಯಲ್ ಪ್ರಾಕ್ಸಿ ಆರಿಸಿ, ಸಾಕ್ಸ್ ಹೋಸ್ಟ್ 127.0.0.1, ಪೋರ್ಟ್ 1080, ವರ್ಷನ್ 5. ಕೆಳಗೆ ಡಿಎನ್‌ಎಸ್ (ಸೈಟಿನ ಹೆಸರಿನಿಂದ ಐಪಿ ಹುಡುಕುವುದು) ಕೂಡ ಪ್ರಾಕ್ಸಿ ಮೂಲಕ ಹೋಗಲಿ ಅನ್ನೋ ಟಿಕ್ ಇದೆ, ಅದು ಬಿದ್ದಿದೆಯಾ ನೋಡಿ. ಇಲ್ಲದಿದ್ದರೆ ಪುಟ ಬರುವುದು ಜರ್ಮನಿಯಿಂದ, ಹೆಸರು ಹುಡುಕುವುದು ಮಾತ್ರ ನಿಮ್ಮ ಇಲ್ಲಿನ ಇಂಟರ್‌ನೆಟ್ ಕಂಪನಿಯ ಹತ್ತಿರ. ಟೀಮಿಗೆಲ್ಲ ಬೇಕು ಅಂತ ಸ್ಕ್ವಿಡ್ ಹಾಕುವುದಾದರೆ 'ಎಲ್ಲರಿಗೂ ಬಿಡು' ಅಂತ ಕಾನ್ಫಿಗರ್ ಮಾಡಬೇಡಿ. ಬಾಗಿಲು ತೆರೆದ ಪ್ರಾಕ್ಸಿಯನ್ನು ಹುಡುಕೋರು ಇಡೀ ದಿನ ಸ್ಕ್ಯಾನ್ ಮಾಡುತ್ತಲೇ ಇರುತ್ತಾರೆ, ಅವರು ಮಾಡಿದ ಕೆಲಸಕ್ಕೆ ದೂರು ಬರುವುದು ನಿಮ್ಮ ಹೆಸರಿಗೆ.

ಹೊರದೇಶದಲ್ಲಿರುವ ಕನ್ನಡಿಗರಿಗೂ ಇದನ್ನೇ ಹೇಳುತ್ತೇನೆ. ನಮ್ಮ ಕೆಲವು ಸರ್ಕಾರಿ ಸೈಟುಗಳು ವಿದೇಶದ ಐಪಿಗೆ ತೆರೆಯುವುದೇ ಇಲ್ಲ. ಬೆಂಗಳೂರಿನ ಸರ್ವರ್ ಮೂಲಕ ಹೋದರೆ ಬಹಳಷ್ಟು ತೆರೆಯುತ್ತವೆ. 2022ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್, ವಿಪಿಎನ್ ಮತ್ತು ವಿಪಿಎಸ್ ಕಂಪನಿಗಳು ಗ್ರಾಹಕರ ವಿವರ 5 ವರ್ಷ ಇಟ್ಟುಕೊಳ್ಳಬೇಕು ಅಂತ ಆದೇಶ ಮಾಡಿತು. ಅದಾದ ಮೇಲೆ ಎಕ್ಸ್‌ಪ್ರೆಸ್‌ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್‌ವಿಪಿಎನ್ ಭಾರತದಿಂದ ಸರ್ವರ್ ಎತ್ತಿಕೊಂಡು ಹೋದವು. ಹಾಗಾಗಿ ಸ್ವಂತ ವಿಪಿಎಸ್‌ನಲ್ಲಿ ನೀವು ಯಾರಿಗೂ ಕಾಣದವರಲ್ಲ, ನಿಮ್ಮ ವಿವರ ದಾಖಲೆಯಲ್ಲಿರುತ್ತದೆ. ಪಹಣಿ ನೋಡೋಕೆ, ಸೈಟ್ ಟೆಸ್ಟ್ ಮಾಡೋಕೆ ಅದು ತೊಂದರೆಯಲ್ಲ. ಗುರುತು ಮುಚ್ಚಿಡುವುದೇ ಮುಖ್ಯವಾದರೆ ಟಾರ್ ಬ್ರೌಸರ್ ನೋಡಿ. ನಿಧಾನ, ಆದರೆ ಅದನ್ನು ಮಾಡಿರುವುದೇ ಆ ಕೆಲಸಕ್ಕೆ.

ಸಿನಿಮಾ ನೋಡುವ ಓಟಿಟಿ ಆ್ಯಪ್‌ಗಳಿಗೆ ಮಾತ್ರ ಈ 4 ಡಾಲರ್ ಸರ್ವರ್ ನಂಬಿಕೊಂಡು ತಗೋಬೇಡಿ. ಹೋಸ್ಟಿಂಗ್ ಐಪಿ ಅಂತ ಅವು ಬೇಗ ಹಿಡಿದುಬಿಡುತ್ತವೆ.