ಹ್ಯಾಂಗ್ ಆದ ಪ್ರೋಗ್ರಾಮಿಗೆ ಪಿಕಿಲ್ಲೋ, ಕಿಲ್ಲೋ?

ಬದಿಯಡ್ಕದ ನನ್ನ ಡಿಟಿಪಿ ಅಂಗಡಿಯಲ್ಲಿರುವುದು 4 ಜಿಬಿ ರ‍್ಯಾಮಿನ ಹಳೇ ಲ್ಯಾಪ್‌ಟಾಪ್, ಅದರಲ್ಲಿ ಉಬುಂಟು ಲಿನಕ್ಸ್. ಪತ್ತನಾಜೆಗೆ (ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುವ ದಿನ) ಮುಂಚೆ ಬಯಲಾಟದ ನೋಟೀಸಿನ ಕೆಲಸ ಜಾಸ್ತಿ. ನಾಲ್ಕು ದೊಡ್ಡ ಫೋಟೋ ಸೇರಿಸಿದರೆ ನೋಟೀಸು ಮಾಡುವ ಲಿಬ್ರೆಆಫೀಸ್ ಹ್ಯಾಂಗ್ ಆಗುತ್ತದೆ. ಆಗ ಆಜ್ಞೆ ಟೈಪ್ ಮಾಡುವ ಟರ್ಮಿನಲ್ಲೇ ಗತಿ. ಅಲ್ಲಿ ದಾರಿಗಳು ಹಲವು ಉಂಟು. ನಾನು ನೆಚ್ಚಿಕೊಂಡದ್ದು ಮೊದಲು ಓಡುವ ಪ್ರೋಗ್ರಾಮಿನ ನಂಬರು ತೋರಿಸುವ ಪಿಗ್ರೆಪ್, ಆಮೇಲೆ ಆ ನಂಬರಿನದ್ದನ್ನು ನಿಲ್ಲಿಸುವ ಬರೀ ಕಿಲ್.

ಪಿಕಿಲ್ ಮೊದಲು ಹಿಡಿಸಿತ್ತು. ನಂಬರು ಹುಡುಕುವುದು ಬೇಡ, ಹೆಸರು ಹೊಡೆದರೆ ಸಾಕು. ಆದರೆ 'ಪಿಕಿಲ್ ಲಿಬ್ರೆಆಫೀಸ್' ಅಂದರೆ ಏನೂ ಆಗುವುದಿಲ್ಲ. ಒಳಗೆ ಓಡುವುದರ ಹೆಸರು 'ಎಸ್‌ಆಫೀಸ್.ಬಿನ್'. ಅದು ತಿಳಿಯದೆ ಒಂದು ಸಂಜೆ 'ಪಿಕಿಲ್ -ಎಫ್ ಬಯಲಾಟ' ಅಂತ ಫೈಲಿನ ಹೆಸರನ್ನೇ ಕೊಟ್ಟೆ. -ಎಫ್ ಇದ್ದರೆ ಅದು ಪ್ರೋಗ್ರಾಮನ್ನು ಶುರು ಮಾಡಿದ ಆಜ್ಞೆಯ ಇಡೀ ಸಾಲಿನಲ್ಲಿ ಹುಡುಕುತ್ತದೆ. ಅದೇ ಹೊತ್ತಿಗೆ ಇನ್ನೊಂದು ಟರ್ಮಿನಲ್ಲಿನಲ್ಲಿ ಆರ್‌ಸಿಂಕ್ 'ಬಯಲಾಟ' ಫೋಲ್ಡರನ್ನು ಪೆನ್‌ಡ್ರೈವಿಗೆ ಕಾಪಿ ಮಾಡುತ್ತಿತ್ತು. ಅದೂ ಅಲ್ಲಿಗೇ ನಿಂತಿತು. ಹಿಂದಿದ್ದ ಆ ವಿಂಡೋದಲ್ಲಿ 'ಕೋಡ್ 20' ಅಂತ ಎರರ್ ಬಿದ್ದದ್ದು ನನ್ನ ಕಣ್ಣಿಗೆ ಬೀಳಲಿಲ್ಲ. ಪೆನ್‌ಡ್ರೈವ್ ತೆಗೆದು ಪ್ರೆಸ್ಸಿಗೆ ಕೊಟ್ಟು ಕಳಿಸಿದೆ. ರಾತ್ರಿ ಪ್ರೆಸ್ಸಿನ ಹುಡುಗನ ಫೋನು: "ಅಣ್ಣಾ, ಭಾಗವತರ ಫೋಟೋವೇ ಇಲ್ಲವಲ್ಲ!" ಮರುದಿನ ಬೆಳಗ್ಗಿನ ಬಸ್ಸು ಹಿಡಿದು ಕಾಸರಗೋಡಿಗೆ ನಾನೇ ಹೋದೆ.

'ಪಿಗ್ರೆಪ್ -ಎಎಫ್ ಬಯಲಾಟ' ಅಂತ ಮೊದಲು ಕೇಳಿದ್ದರೆ ಎರಡೂ ಪ್ರೋಗ್ರಾಮಿನ ಸಾಲುಗಳು ನಂಬರಿನ ಸಮೇತ ಎದುರಿಗೆ ಬರುತ್ತಿದ್ದವು. ಬೇಕಾದ ನಂಬರಿಗೆ ಮಾತ್ರ ಕಿಲ್ ಕೊಡಬಹುದಿತ್ತು.

ಹೆಸರಿನಿಂದಲೇ ನಿಲ್ಲಿಸುವ ಇನ್ನೊಂದು ಆಜ್ಞೆ ಕಿಲ್ಆಲ್‌ಗೆ ಪೂರ್ತಿ ಹೆಸರೇ ಬೇಕು, '.ಬಿನ್' ಬಿಟ್ಟರೆ ಸಿಗಲಿಲ್ಲ ಅನ್ನುತ್ತದೆ. ಎಕ್ಸ್‌ಕಿಲ್ ಕೊಟ್ಟು ವಿಂಡೋ ಮೇಲೆ ಕ್ಲಿಕ್ ಮಾಡಿದರೆ ಮುಗಿಯಿತು, ಆದರೆ ಪರದೆ ತೋರಿಸುವ ಹೊಸ ವ್ಯವಸ್ಥೆ ವೇಲ್ಯಾಂಡ್‌ಗೆಂದೇ ಮಾಡಿದ ವಿಂಡೋಗಳ ಮೇಲೆ ಅದು ನಡೆಯುವುದಿಲ್ಲ. ಓಡುವ ಪ್ರೋಗ್ರಾಮುಗಳ ಪಟ್ಟಿ ತೋರಿಸುವ ಎಚ್‌ಟಾಪ್ ನೋಡಲು ಚಂದ.

ಇನ್ನು ಕಿಲ್‌ಗೆ ಸೇರಿಸುವ -9. ಬರೀ ಕಿಲ್ ಕಳಿಸುವುದು 15ನೇ ಸಿಗ್ನಲ್, ಅಂದರೆ 'ನಿಲ್ಲು' ಅನ್ನುವ ಸೂಚನೆ. ಪ್ರೋಗ್ರಾಮಿಗೆ ತನ್ನ ಗಂಟುಮೂಟೆ ಕಟ್ಟಿಕೊಳ್ಳಲು ಅವಕಾಶ ಉಂಟು, ಬೇಡವೆಂದರೆ ಕೇಳದೆಯೂ ಇರಬಹುದು. 9ಕ್ಕೆ ಆ ಮಾತೇ ಇಲ್ಲ, ಸಿಸ್ಟಮಿನ ತಿರುಳಾದ ಕರ್ನೆಲ್ ಕತ್ತು ಹಿಡಿದು ಹೊರಹಾಕುತ್ತದೆ. ಸೇವ್ ಮಾಡದ್ದು ಹೋಯಿತು ಅಂತಲೇ ಲೆಕ್ಕ. ಹಾಗಾಗಿ ಮೊದಲು 15, ಹತ್ತು ಸೆಕೆಂಡು ಕಾದು ಆಮೇಲೆ 9. ಎಚ್‌ಟಾಪಿನಂಥದೇ ಪಟ್ಟಿ ಟಾಪ್‌ನಲ್ಲಿ ಆ ಪ್ರೋಗ್ರಾಮಿನ ಸಾಲಿಗೆ 'ಡಿ' ಅಂತ ಇದ್ದರೆ 9 ಕೂಡ ಕೂಡಲೇ ನಾಟುವುದಿಲ್ಲ. ಪೆನ್‌ಡ್ರೈವೋ ಡಿಸ್ಕೋ ಉತ್ತರ ಕೊಡುವವರೆಗೆ ಸುಮ್ನೆ ಕಾಯಬೇಕು.

ನಾನು ಫೈಲಿಗೂ ಫೋಲ್ಡರಿಗೂ ಒಂದೇ ಹೆಸರು ಇಡುವವನು, ಅದಕ್ಕೇ ನನಗೆ ನಂಬರೇ ಸರಿ. ಒಂದು ಸಲಕ್ಕೆ ಒಂದೇ ಕೆಲಸ ತೆರೆಯುವವರಿಗೆ 'ಪಿಕಿಲ್ ಎಸ್‌ಆಫೀಸ್' ಸಾಕು.