ಅನುಸ್ವಾರವೋ ಸೊನ್ನೆಯೋ, ನಡುಚುಕ್ಕಿಯೋ ಗುಂಡುಚುಕ್ಕಿಯೋ: ಒಂದು ವಿಳಾಸಪಟ್ಟಿಯಲ್ಲಿ ಕಂಡದ್ದು

ಮಾಟುಂಗಾದ ನಮ್ಮ ಕನ್ನಡ ಬಳಗದ ವಿಳಾಸಪಟ್ಟಿಯನ್ನು ಪುಸ್ತಿಕೆಯಾಗಿ ಜೋಡಿಸುವ ಕೆಲಸ ಈ ಮಳೆಗಾಲದಲ್ಲಿ ನನ್ನ ಪಾಲಿಗೆ ಬಂತು. ಹಲವರು ಸೇರಿ ಟೈಪ್ ಮಾಡಿದ್ದ ಆ ಕಡತದಲ್ಲಿ ‘ಮುಂಬಯಿ’ ಎಂದು ಹುಡುಕಿದರೆ, ಕಣ್ಣೆದುರಿಗೇ ಇದ್ದ ಎಷ್ಟೋ ‘ಮು೦ಬಯಿ’ಗಳು ಸಿಗಲಿಲ್ಲ. ಅವುಗಳಲ್ಲಿ ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿಯ ಸೊನ್ನೆ ಕುಳಿತಿತ್ತು.

ಯುನಿಕೋಡ್‌ನಲ್ಲಿ, ಅಂದರೆ ಗಣಕದಲ್ಲಿ ಪ್ರತಿ ಅಕ್ಷರಕ್ಕೂ ಚಿಹ್ನೆಗೂ ಒಂದೊಂದು ಸಂಖ್ಯೆ ಕೊಡುವ ಪದ್ಧತಿಯಲ್ಲಿ, ದಶಮಾನ ಲೆಕ್ಕದಂತೆ, ಅನುಸ್ವಾರದ ಸಂಖ್ಯೆ 3202, ಅಂಕಿಯದು 3302. ಆಡುಮಾತಿನಲ್ಲಿ ನಾವು ಎರಡನ್ನೂ ಸೊನ್ನೆ ಎಂದೇ ಕರೆಯುವುದರಿಂದ ಟೈಪ್ ಮಾಡಿದವರನ್ನು ದೂರುವಂತಿಲ್ಲ. ಎರಡನ್ನೂ ಖಾಲಿ ಸಾಲಿನಲ್ಲಿ ಒಂಟಿಯಾಗಿ ಒತ್ತಿ ನೋಡಿದೆ: ಅಂಕಿ ತಾನಾಗಿಯೇ ನಿಂತಿತು, ಅನುಸ್ವಾರವಾದರೋ ಆಸರೆಯ ಅಕ್ಷರವಿಲ್ಲದೆ ಚುಕ್ಕಿಗಳಿಂದಾದ ವೃತ್ತವೊಂದರ ಪಕ್ಕದಲ್ಲಿ ಮೂಡಿತು. ಜೊತೆಗಿದ್ದ ಮರಾಠಿ ಗೆಳೆಯರಿಗೆ ಈ ಗೊಂದಲವೇ ವಿಚಿತ್ರವೆನಿಸಿತು, ಏಕೆಂದರೆ ಅವರ ಲಿಪಿಯಲ್ಲಿ ಅನುಸ್ವಾರವು ತಲೆಗೆರೆಯ ಮೇಲಿನ ಚುಕ್ಕಿ, ಸೊನ್ನೆಯು ಸಾಲಿನಲ್ಲೇ ಕೂರುವ ವೃತ್ತ. ಅಚ್ಚಿನಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆಂದು ಅಂಕಿಯನ್ನು ಹಾಗೆಯೇ ಬಿಡುವುದನ್ನು ನಾನು ಒಪ್ಪಲಾರೆ. ನಾಳೆ ಇದೇ ಕಡತದಲ್ಲಿ ಯಾರೋ ತಮ್ಮವರ ಹೆಸರನ್ನು ಹುಡುಕುತ್ತಾರೆ. ಆದರೆ ಎಲ್ಲ ಅಂಕಿಸೊನ್ನೆಗಳನ್ನೂ ಒಮ್ಮೆಲೇ ಬದಲಿಸಿದ್ದರೆ ‘೧೦೪’ರಂಥ ಮನೆ ಸಂಖ್ಯೆಗಳು ಕೆಡುತ್ತಿದ್ದವು. ಆದ್ದರಿಂದ ಅಕ್ಷರದ ಬೆನ್ನಿಗೆ ಬಂದವುಗಳನ್ನು ಮಾತ್ರ ತಿದ್ದಿದೆ.

ವಿಳಾಸದ ಭಾಗಗಳನ್ನು ಬೇರ್ಪಡಿಸಲು ಮೂರು ಚುಕ್ಕಿಗಳನ್ನು ಹಚ್ಚಿ ನೋಡಿದೆ. ಪಟ್ಟಿಗಳ ಮುಂದೆ ಹಾಕುವ ಗುಂಡುಚುಕ್ಕಿ • (8226) ನಮ್ಮ ದುಂಡಗಿನ ಅಕ್ಷರಗಳ ನಡುವೆ ತೀರ ಭಾರವಾಗಿ, ಹೆಸರಿಗಿಂತ ಮೊದಲು ತಾನೇ ಕಣ್ಣಿಗೆ ಬಿತ್ತು. ಗಣಿತದ ಗುಣಾಕಾರ ಚುಕ್ಕಿ ⋅ (8901) ನಾನು ಬಳಸಿದ ಕನ್ನಡ ಫಾಂಟಿನಲ್ಲಿ ಇರಲಿಲ್ಲ. ಗಣಕವು ಬೇರೆ ಫಾಂಟಿನಿಂದ ಅದನ್ನು ಎರವಲು ತಂದುದರಿಂದ ಅಳತೆ ಹೊಂದಲಿಲ್ಲ. ನಡುಚುಕ್ಕಿ · (183) ಹಗುರವಾಗಿತ್ತು, ಫಾಂಟಿನಲ್ಲೂ ಇತ್ತು. ಸ್ವಲ್ಪ ಕೆಳಗೆ ಕುಳಿತಂತಿದ್ದುದನ್ನು ತುಸು ಮೇಲೆತ್ತಿದೆ. ಒಂದು ಕಡತದಲ್ಲಿ ಗ್ರೀಕ್ ಬರವಣಿಗೆಯ ಚುಕ್ಕಿಯೂ (903) ಸಿಕ್ಕಿತ್ತು. ಯುನಿಕೋಡ್‌ನ ನಿಯಮದಂತೆ ಅದು 183ಕ್ಕೆ ಸಮಾನವಾದುದರಿಂದ ಪಠ್ಯವನ್ನು ಏಕರೂಪಗೊಳಿಸಿದಾಗ ತಾನಾಗಿ ನಡುಚುಕ್ಕಿಯಾಯಿತು.

ಇನಿಷಿಯಲ್‌ಗಳಿಗೆ ಮಾತ್ರ ಮಾಮೂಲಿ ಪೂರ್ಣವಿರಾಮವನ್ನೇ (46) ಉಳಿಸಿಕೊಂಡೆ, ‘ಡಾ.’ ಎಂಬುದಕ್ಕೆ ಬೇರೆ ಚುಕ್ಕಿ ಸಲ್ಲದು. ವಿಳಾಸದ ಸಾಲು ಈಗ ‘ಮಾಟುಂಗಾ · ಮುಂಬಯಿ · 400019’ ಎಂದಿದೆ. ಯಾವ ಸಾಲೂ ಚುಕ್ಕಿಯಿಂದ ಆರಂಭವಾಗಬಾರದೆಂದು ಪ್ರತಿ ನಡುಚುಕ್ಕಿಯ ಎಡಕ್ಕೆ ಸಾಲು ಮುರಿಯಗೊಡದ ಜಾಗವನ್ನು ಇಟ್ಟಿದ್ದೇನೆ.